ಭಾವನ ಬಸ್ಸಿಗಾಗಿ ಎಲೆ ಉದುರಿಸಿದ ಕಥೆ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಕನ್ನಡಕದವರು’ ಎಂದೇ. ಹೆತ್ತವರು ಇಟ್ಟ ಹೆಸರೂ ಅಂಗಡಿಯ ಬೋರ್ಡಿನ ಮೂಲೆಯಲ್ಲಿದೆ. ಆದರೆ ಎಷ್ಟು ಸಣ್ಣ ಅಕ್ಷರದಲ್ಲಿದೆ ಎಂದರೆ, ಅದನ್ನು ಓದಬೇಕಾದರೆ ಮೊದಲು ಒಳಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬರಬೇಕು.

ಮಸುಕು ಎಂದರೆ ಅವರಿಗೆ ಆಗಿಬರದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವನ ಗಾಜಿನ ಮೇಲೆ ಬೆರಳಚ್ಚು ಕಂಡರೂ ಸಾಕು, ಕೈ ತಡೆಯುವುದಿಲ್ಲ. “ಒಂದ್ನಿಮಿಷ ಕೊಡಿ ಸಾರ್” ಎಂದು ಇಸಿದುಕೊಂಡು, ಜೇಬಿನ ಬಟ್ಟೆ ತೆಗೆದು ಒರೆಸಲು ಶುರು. ಒಮ್ಮೆ ಹೀಗೆ ಒರೆಸುತ್ತಾ ಕೂತಿದ್ದಾಗ ಕನ್ನಡಕದ ಯಜಮಾನನಿಗೆ ತನ್ನ ಸ್ಟಾಪು ಕಾಣಿಸದೆ, ಪಾಪ, ಎಲ್ಲೋ ಇಳಿದು ನಡೆದುಕೊಂಡು ವಾಪಸು ಬಂದದ್ದೂ ಉಂಟು. ತಮ್ಮದೇ ಮದುವೆಯ ಆಲ್ಬಮ್ಮಿನಲ್ಲಿ ಅವರು ಮೆಚ್ಚಿದ ಫೋಟೋ ಒಂದೇ ಒಂದು. ಅದರಲ್ಲಿ ಗಂಡು ಹೆಣ್ಣು ಇಬ್ಬರ ಮುಖವೂ ಅರ್ಧಂಬರ್ಧ. ಹಿಂದಿನ ಗೋಡೆಯ ಕ್ಯಾಲೆಂಡರಿನ ಅಂಕಿ ಮಾತ್ರ ಕಣ್ಣಿಗೆ ಹೊಡೆದಂತೆ ಬಂದಿದೆ.

ಕಣ್ಣು ಪರೀಕ್ಷೆ ಮಾಡುವಾಗ ಒಂದು ಗಾಜು ತೆಗೆದು ಇನ್ನೊಂದು ಹಾಕಿ, “ಇದಾ, ಅದಾ?” ಎಂದು ಕೇಳುವುದು ಅವರ ಕಸುಬು. ಒಂದು ಸಲಕ್ಕೆ ಒಂದೇ ಗಾಜು ಬದಲಿಸಬೇಕು, ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೋ ಗೊತ್ತಾಗುವುದಿಲ್ಲ ಎಂಬುದು ಅವರ ಕಟ್ಟುನಿಟ್ಟು. ಈ ಕಸುಬು ಅಂಗಡಿಯ ಬಾಗಿಲು ದಾಟಿ ಮನೆಗೂ ಬಂದಿದೆ. ಕಿಟಕಿಗೆ ಪರದೆ ಬಟ್ಟೆ ಕೊಳ್ಳಲು ಹೋದಾಗ “ಇದಾ, ಅದಾ? ಈಗ ಮತ್ತೆ ಇದು ನೋಡು, ಈಗ ಅದು” ಎಂದು ಶುರುವಿಟ್ಟುಕೊಂಡು, ಕೊನೆಗೆ ಹೆಂಡತಿ ಪರದೆಯೇ ಬೇಡವೆಂದು ಎದ್ದು ಬಂದಿದ್ದಳು. ಆ ಕಿಟಕಿ ಇವತ್ತಿಗೂ ಬೆತ್ತಲೆ.

ಇಂಥ ಮನುಷ್ಯನಿಗೆ ಒಬ್ಬ ಭಾವ. ಅಕ್ಕನ ಗಂಡ. ಆಯಸ್ಸೆಲ್ಲ ಬಸ್ಸು ಓಡಿಸಿದವರು. ನಿಲ್ದಾಣದ ಬಿಳಿ ಗೆರೆಯ ಮೇಲೆ ಮುಂದಿನ ಚಕ್ರ ತಂದು ನಿಲ್ಲಿಸಿದರೆ, ಹತ್ತುವವನ ಕಾಲಿಗೆ ಮೆಟ್ಟಿಲು ತಾನಾಗಿ ಸಿಗಬೇಕು, ಅಂಥ ಕೈ. ಡ್ಯೂಟಿಯಲ್ಲಿರುವಾಗಲೇ ಒಮ್ಮೆ ಕಣ್ಣು ತೋರಿಸಿಕೊಳ್ಳಲು ಭಾವಮೈದುನನ ಅಂಗಡಿಗೆ ಬಂದರು. ಬರುವಾಗಲೇ ಅಕ್ಷರಗಳ ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಇವರು ಇನ್ನೂ ದೀಪ ಹಾಕಿಲ್ಲ, ಅವರು ಕತ್ತಲಲ್ಲೇ ಕೊನೆಯ ಸಾಲು ಒಪ್ಪಿಸಿ ಮುಗಿಸಿದರು. ಆ ಶ್ರಮ ದಂಡ. ಎದುರಿಗಿದ್ದದ್ದು ಅವರಿಗೆ ನಿಜವಾಗಿಯೂ ಚೆನ್ನಾಗಿಯೇ ಕಾಣುತ್ತಿತ್ತು.

“ಈಗ ನನ್ನ ಮೂಗು ನೋಡ್ತಾ ಇರಿ ಭಾವ. ಪಕ್ಕದಲ್ಲಿ ಬೆರಳು ಆಡಿಸ್ತೀನಿ, ಕಂಡ ಕೂಡ್ಲೇ ಹೇಳಿ.”

“ಆಡಿಸಪ್ಪ, ಯಾರು ಬೇಡ ಅಂದ್ರು.”

“ಆಡಿಸ್ತಾ ಇದೀನಿ.”

“ಯಾವಾಗ ಶುರು ಮಾಡ್ತೀಯ?”

ಕನ್ನಡಕದವರ ಕೈ ಗಾಳಿಯಲ್ಲೇ ನಿಂತುಹೋಯಿತು. ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿದರು. ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ. ಎದುರಿನದು ಇದೆ, ದಿನವೂ ಔಷಧದ ಹನಿ ಹಾಕಿಕೊಂಡು ಅದನ್ನು ಉಳಿಸಿಕೊಳ್ಳಿ. ಬಸ್ಸು ಮಾತ್ರ ಬೇಡ. ಭಾವನನ್ನು ಡಿಪೋದ ಮೇಜಿನ ಹಿಂದೆ ಕೂರಿಸಿದರು. ಅವರು ಅಲ್ಲೇ ಕೂತು ನಿವೃತ್ತರಾದರು, ಭಾವಮೈದುನನ ಜತೆ ಮಾತೂ ಬಿಟ್ಟರು. ಬಂಧುಗಳ ಮನೆಯಲ್ಲಿ ಎದುರಾದರೆ ಮುಖ ತಿರುಗಿಸುವರು. ಪಕ್ಕದ ನೋಟ ಇಲ್ಲದ್ದರಿಂದ ಅವರು ಸ್ವಲ್ಪ ತಿರುಗಿಸಿದರೂ ಇವರು ಪೂರ್ತಿ ಮಾಯ.

ಮಾತು ಕೂಡಿಸಿದ್ದು ಒಂದು ಆಟ. ಗಿರಾಕಿಯೊಬ್ಬರು ತಮ್ಮ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಆಟದ ಸ್ಟೇರಿಂಗನ್ನೂ ಪೆಡಲುಗಳನ್ನೂ ತಂದುಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದಿದೆ ಎಂದೂ ಹೇಳಿದ್ದರು. ಕನ್ನಡಕದವರು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ, ಬಿಲ್ಲು ಬರೆಯುವ ಹಳೇ ಕಂಪ್ಯೂಟರಿಗೆ ಅದನ್ನು ಜೋಡಿಸಿದರು. ಅಕ್ಕನ ಕೈಲಿ ಹೇಳಿಕಳಿಸಿದರು. ಭಾವ ಬಂದರು, ಬಾಗಿಲಲ್ಲೇ ನಿಂತರು. ಪರದೆಯ ಮೇಲೆ ರಸ್ತೆ, ನಿಲ್ದಾಣ, ಕಾಯುತ್ತಾ ನಿಂತ ಜನ. ಯಾರನ್ನೂ ಮಾತಾಡಿಸದೆ ಹೋಗಿ ಕೂತರು. ಮಾರನೇ ವಾರ ಮನೆಯಿಂದ ತಮ್ಮ ಹಳೇ ದಿಂಬು ತಂದರು, ಡ್ಯೂಟಿಯ ಕಾಲದಲ್ಲಿ ಸೀಟಿನ ಮೇಲೆ ಹಾಕಿಕೊಳ್ಳುತ್ತಿದ್ದದ್ದು. ದಿಂಬು ಬಂತೆಂದರೆ ಮನುಷ್ಯ ಖಾಯಂ ಆದ ಎಂದೇ ಲೆಕ್ಕ. ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ಭಾವನ ಬಸ್ಸು. ಇಲ್ಲಿ ಗುದ್ದಿದರೂ ಯಾರಿಗೂ ಗಾಯವಾಗದು. ಆದರೂ ಭಾವ ಗುದ್ದುತ್ತಿರಲಿಲ್ಲ, ಅದು ಅವರ ಮರ್ಯಾದೆಯ ಪ್ರಶ್ನೆ.

ಹೀಗಿರುವಾಗ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಅದನ್ನು ಹಾಕಿಕೊಳ್ಳುವಾಗ ಕನ್ನಡಕದವರ ಕಣ್ಣು ಸೆಟ್ಟಿಂಗಿನ ಪುಟದ ಮೇಲೆ ಬಿತ್ತು. ಮರದ ಎಲೆ: ಮೀಡಿಯಂ. ನೆರಳು: ಮೀಡಿಯಂ. ದೂರದ ನೋಟ: ಮೀಡಿಯಂ. ಅವರ ಮೈ ಉರಿಯಿತು. ಕಣ್ಣು ಕುಂದಿದ ಮನುಷ್ಯನಿಗೆ, ಅದೂ ತಮ್ಮ ಅಂಗಡಿಯಲ್ಲಿ, ಮೀಡಿಯಂ ನೋಟವೇ? ಒಂದೊಂದನ್ನೇ ಬದಲಿಸುವ ಕಸುಬಿನ ನಿಯಮವನ್ನು ಗಾಳಿಗೆ ತೂರಿ, ಎಲ್ಲವನ್ನೂ ಒಟ್ಟಿಗೆ ಅತ್ಯಂತ ಮೇಲಕ್ಕೆ, ‘ಅಲ್ಟ್ರಾ’ಕ್ಕೆ ಏರಿಸಿದರು. ನಿಂತ ಬಸ್ಸಿನ ಚಿತ್ರ ನೋಡಿದರು. ಎಲೆಯ ನರ ನರವೂ ಕಾಣುತ್ತಿತ್ತು. ದೊಡ್ಡ ಉಪಕಾರ ಮಾಡಿದ ಸಂತೋಷದಲ್ಲಿ ಯಾರಿಗೂ ಹೇಳದೆ ಬಾಗಿಲು ಹಾಕಿಕೊಂಡು ಹೋದರು.

ಭಾನುವಾರ ಭಾವ ಬಸ್ಸು ತೆಗೆದರು. ಕನ್ನಡಕದವರು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಯಾರದೋ ಫ್ರೇಮಿನ ತಿರುಪು ಹುಡುಕುತ್ತಾ ನೆಲದ ಮೇಲೆ ತೆವಳುತ್ತಿದ್ದರು. ಪರದೆಯ ಕಡೆ ನೋಡಲೇ ಇಲ್ಲ. ಧಡ್ ಎಂಬ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಏನಾಯ್ತು ಭಾವ?”

“ಕಂಬ.”

ಮತ್ತೊಂದು ಧಡ್. ಆಮೇಲೆ ಸದ್ದಿಲ್ಲ. ತಲೆ ಎತ್ತಿ ನೋಡಿದರೆ ಭಾವ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಸಾಕು ಕಣಯ್ಯ. ನನ್ನ ಕೈ ಹೋಯ್ತು” ಎಂದು ಎದ್ದವರು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಚಹಾ ತಂದ ಕನ್ನಡಕದವರ ಹೆಂಡತಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ಉಳಿದಳು.

ಮಾರನೇ ದಿನ ಅಕ್ಕನ ಫೋನು.

“ಏನೋ ಮಾಡಿದೆ ಅವರಿಗೆ? ಬಂದಾಗಿನಿಂದ ಗೋಡೆ ನೋಡ್ಕೊಂಡು ಕೂತಿದಾರೆ. ಹನಿ ಔಷಧಿ ಹಾಕ್ತೀನಿ ಅಂದ್ರೆ, ಇನ್ನ್ಯಾಕೆ ಅದು ಅಂತಾರೆ.”

“ಕೈ ಹೋಯ್ತು ಅಂದ್ರು ಅಕ್ಕ...”

“ಕೈಯೂ ಇಲ್ಲ ಕಾಲೂ ಇಲ್ಲ. ನನ್ನ ಹತ್ರ ಬಾಯಿ ಬಿಟ್ರು. ಎದುರಿನ ರಸ್ತೇನೂ ಬಿಟ್ಟು ಬಿಟ್ಟು ಕಾಣ್ತಂತೆ ಕಣೋ. ಇದ್ದದ್ದೂ ಹೊರಟುಹೋಯ್ತು ಅಂತಾರೆ.”

ಈ ಕಸುಬಿನವರಿಗೆ ಇರುವ ಶಾಪವೇ ಇದು: ಬೇರೆಯವರು ಏನೂ ತಿಳಿಯದೆ ಹೆದರುತ್ತಾರೆ, ಇವರು ಎಲ್ಲ ತಿಳಿದು ಹೆದರುತ್ತಾರೆ.

“ಟೀವಿ ನೋಡಿದ್ರಾ? ಅದೂ ಹಾಗೇ ಕಾಣ್ತದಾ?”

“ಟೀವಿ ಹಾಕೋಕೇ ಬಿಡಲ್ಲ. ಆಸ್ಪತ್ರೆಗೆ ಹೋಗೋಣ ಅಂದ್ರೆ, ಅಲ್ಲಿ ಏನು ಹೇಳ್ತಾರೋ ನಂಗೆ ಗೊತ್ತು ಅಂತಾರೆ. ನಿನ್ನ ಅಂಗಡೀಗಂತೂ ಸತ್ತರೂ ಬರಲ್ವಂತೆ. ಏನಾದ್ರೂ ಮಾಡೋ.”

ಏನು ಮಾಡುವುದು? ಗಿರಾಕಿಯೇ ಕುರ್ಚಿಯ ಮೇಲೆ ಕೂರದಿದ್ದರೆ ಕಣ್ಣು ನೋಡುವುದು ಹೇಗೆ? ಅವರು ಹಿಂದಿನ ಕೋಣೆಗೆ ಹೋಗಿ, ಭಾವ ಬಿಟ್ಟುಹೋದ ದಿಂಬಿನ ಮೇಲೆ ಕೂತು, ಸುಮ್ಮನೆ ಬಸ್ಸು ಹೊರಡಿಸಿದರು. ಒಂದು ಬೀದಿ ದಾಟಿರಲಿಲ್ಲ, ರಸ್ತೆ ಕಣ್ಣ ಮುಂದೆ ತುಂಡು ತುಂಡಾಯಿತು. ಇಲ್ಲಿದ್ದ ಮರ ಇದ್ದಕ್ಕಿದ್ದಂತೆ ಅಲ್ಲಿ. ನಡುವೆ ಏನಾಯಿತೋ ದೇವರೇ ಬಲ್ಲ.

‘ನನಗೂ ಬಂತು!’ ಎಂದುಕೊಂಡರು ಕನ್ನಡಕದವರು.

ಕನ್ನಡಕ ತೆಗೆದು ಒರೆಸಿದರು. ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು. ಎರಡೂ ಮುಚ್ಚಿದಾಗ ಮಾತ್ರ ತೊಂದರೆ ಇರಲಿಲ್ಲ. ಹೆಂಡತಿಯನ್ನು ಕೂಗಿದರು.

“ಇಲ್ಲಿ ಬಾ, ಬೇಗ ಬಾ. ಇದನ್ನ ನೋಡು. ನಿಂಗೆ ಹೇಗೆ ಕಾಣ್ತದೆ?”

ಅವಳು ದಿನವೂ ಸ್ಕೂಟರಿನಲ್ಲಿ ಊರು ಸುತ್ತುವವಳು. ಕೂತು, ಕಾಲು ಚಾಚಿ, ಬಸ್ಸನ್ನು ಅಷ್ಟು ದೂರ ಓಡಿಸಿ, ಬ್ರೇಕ್ ಒತ್ತಿದಳು. ಬಸ್ಸು ನಿಲ್ದಾಣ ದಾಟಿ ಹೋಗಿ ಒಂದು ಕಟ್ಟೆಗೆ ಮೂತಿ ಇಟ್ಟಿತು.

“ಒತ್ತಿದ ಮೇಲೆ ಯೋಚನೆ ಮಾಡಿ ನಿಲ್ತದಲ್ರೀ ಇದು! ಕಣ್ಣು ಕೈ ಎಲ್ಲಾ ನೆಟ್ಟಗಿದೆ. ನಿಮ್ಮ ಕಂಪ್ಯೂಟರ್ರು ಏದುಸಿರು ಬಿಡ್ತಾ ಇದೆ, ಕೇಳಿಸ್ತಾ ಇಲ್ವಾ?”

ಮೇಜಿನ ಕೆಳಗಿನ ಡಬ್ಬಿ ನಿಜವಾಗಿಯೂ ಮೆಟ್ಟಿಲು ಹತ್ತಿದ ದಪ್ಪ ಮನುಷ್ಯನ ಹಾಗೆ ಭುಸುಗುಡುತ್ತಿತ್ತು. ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯಲ್ಲೇ, ಆ ಏದುಸಿರಿಗೆ ಕಾರಣ ಯಾರೆಂಬುದೂ ನೆನಪಾಗಿ ಬಂದ ಜೀವ ಅರ್ಧ ವಾಪಸು ಹೋಯಿತು. ಎಲೆಯ ನರ ನರ! ಅಷ್ಟನ್ನೆಲ್ಲ ಬಿಡಿಸಿ ತೋರಿಸಲು ಆ ಹಳೇ ಡಬ್ಬಿಗೆ ಉಸಿರೆಲ್ಲಿ?

ಕೂಡಲೇ ಫೋನು ಮಾಡಿ ‘ಭಾವ, ಅದು ಕಂಪ್ಯೂಟರಿನ ದೋಷ’ ಎಂದರಾಗದೇ? ಮಾಡಿದರು. ಭಾವ ಫೋನಿಗೆ ಬರಲಿಲ್ಲ. ‘ಸಮಾಧಾನ ಮಾಡೋಕೆ ಹೇಳ್ತಿದಾನೆ ಬಿಡು’ ಎಂದು ಅಲ್ಲಿಂದಲೇ ಅಕ್ಕನಿಗೆ ಹೇಳುವುದು ಇಲ್ಲಿಗೆ ಕೇಳಿಸಿತು. ಕಂಪ್ಯೂಟರ್ ರಿಪೇರಿಯವನನ್ನು ವಿಚಾರಿಸಿದರೆ, “ಇದಿನ್ನೂ ಉಸಿರಾಡ್ತಾ ಇದೆಯಾ ಸಾರ್? ಹೊಸದು ತಗೊಳ್ಳಿ” ಎಂದ. ಹೊಸದು ತರಬಹುದಿತ್ತು. ಆದರೆ ಭಾವನ ಬುದ್ಧಿ ಅವರಿಗೆ ಗೊತ್ತು: ‘ಕುರುಡನಿಗೆ ಸುಲಭದ ಬಸ್ಸು ತಂದುಕೊಟ್ಟಿದ್ದಾನೆ’ ಎನ್ನುತ್ತಾರೆ. ಇದೇ ಡಬ್ಬಿ, ಇದೇ ಸ್ಟೇರಿಂಗು, ಇದೇ ರಸ್ತೆ. ಅದರಲ್ಲೇ ಅವರ ಬಸ್ಸು ಗೆರೆಯ ಮೇಲೆ ನಿಲ್ಲಬೇಕು. ಬೇರೆ ಯಾವುದಕ್ಕೂ ಆ ಮನುಷ್ಯ ಬಗ್ಗುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಮಧ್ಯಾಹ್ನದ ಹೊತ್ತು ಗಿರಾಕಿಗಳಿಲ್ಲದಾಗ ಆ ಡಬ್ಬಿಗೆ ಚಿಕಿತ್ಸೆ ಶುರು ಮಾಡಿದರು. ಮೊದಲು ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಹಿಮ ಬಿದ್ದಿತ್ತು. ಗಾಜು ಉಜ್ಜುವ ಯಂತ್ರದ ಪುಡಿಯೆಲ್ಲ ಹಾರಿ ಫ್ಯಾನಿನ ರೆಕ್ಕೆಗಳ ಮೇಲೆ, ಅದರಡಿಯ ಲೋಹದ ಸಂದುಗಳಲ್ಲಿ ಬೆಳ್ಳಗೆ ಮೆತ್ತಿತ್ತು. ಗಾಳಿ ಆಡಲು ದಾರಿಯೇ ಇಲ್ಲ. ಕಾದು ಕಾದು, ಸುಟ್ಟುಹೋಗಬಾರದೆಂದು ಪಾಪ ತಾನೇ ನಿಧಾನವಾಗುತ್ತಿತ್ತು. ಕರೆಂಟಿನ ತಂತಿ ಕಿತ್ತಿಟ್ಟು, ಫ್ಯಾನು ತಿರುಗದಂತೆ ಬೆರಳಲ್ಲಿ ಒತ್ತಿಹಿಡಿದು, ಕನ್ನಡಕ ಒರೆಸುವ ಮೆತ್ತನೆ ಬ್ರಷ್ಷಿನಲ್ಲಿ ಕನ್ನಡಕದವರು ಪುಡಿ ಬಿಡಿಸಿದರು. ಡಬ್ಬಿಯನ್ನು ಯಂತ್ರದಿಂದ ದೂರ, ಗೋಡೆಯಿಂದ ಗೇಣು ಬಿಟ್ಟು ಇಟ್ಟರು. ಭುಸುಗುಟ್ಟುವುದು ಅಲ್ಲಿಗೇ ಅರ್ಧ ತಗ್ಗಿತು.

ಆಮೇಲೆ ಹೆಂಡತಿ ಪರದೆಯ ಮುಂದೆ ಕೂತು, ಒಳಗೆ ಏನೇನು ನಡೆಯುತ್ತಿದೆ ಎಂದು ತೆಗೆದು ನೋಡಿದಳು.

“ರೀ, ಬಸ್ಸು ಓಡುವಾಗ ಬಿಲ್ಲಿನ ಪ್ರೋಗ್ರಾಂ ಯಾಕೆ ತೆಗೆದಿರ್ಬೇಕು?”

“ಗಿರಾಕಿ ಬಂದ್ರೆ?”

“ಭಾನುವಾರ?”

ಕನ್ನಡಕದವರು ತಲೆ ಕೆರೆದುಕೊಂಡರು.

“ವೈರಸ್ ಹುಡುಕೋದು ಸರಿಯಾಗಿ ಭಾನುವಾರ ಮಧ್ಯಾಹ್ನ ಇಟ್ಟಿದೀರಿ. ಬ್ರೌಸರ್ ಕಿಟಕಿಗಳಂತೂ ಇಡೀ ಬೀದಿಗಿರೋದಕ್ಕಿಂತ ಜಾಸ್ತಿ. ಇದೇನ್ರೀ, ‘ಕನ್ನಡಕ ಇಲ್ಲದೆ ಕಣ್ಣು ಸರಿಮಾಡಿಕೊಳ್ಳುವುದು ಹೇಗೆ’?”

“ಅದು... ಎದುರಾಳಿಗಳು ಏನ್ ಹೇಳ್ತಾರೆ ಅಂತ ನೋಡ್ತಿದ್ದೆ.”

ಅವಳು ಎಲ್ಲ ಮುಚ್ಚಿದಳು. ವೈರಸ್ ಹುಡುಕಾಟವನ್ನು ವಾರದ ಬೇರೆ ದಿನಕ್ಕೆ ಹಾಕಿದಳು. ಕಂಪ್ಯೂಟರ್ ಕರೆಂಟು ಉಳಿಸುವ ನೆಪದಲ್ಲಿ ಅರೆ ನಿದ್ದೆಯಲ್ಲೇ ಕೆಲಸ ಮಾಡುವಂತೆ ಇವರೇ ಎಂದೋ ಇಟ್ಟಿದ್ದರು, ಅದನ್ನೂ ಎಬ್ಬಿಸಿದಳು. ಉಳಿದದ್ದು ಆಟದ ಸೆಟ್ಟಿಂಗು. ಕನ್ನಡಕದವರು ಅಲ್ಲಿ ಮಾತ್ರ ಹಿಂದೇಟು ಹಾಕಿದರು. ಆಯಸ್ಸೆಲ್ಲ ಜನರ ಮಸುಕು ತೆಗೆದ ಕೈಯಿಂದ ಮಸುಕು ತರಿಸುವುದೇ?

“ನೆರಳು ತೆಗೀಲಾ?” ಎಂದಳು ಹೆಂಡತಿ.

“ನೆರಳಿಲ್ಲದ ಮರ ಮರವೇನೇ?”

“ಅದರ ಕೆಳಗೆ ಚಾಪೆ ಹಾಸ್ಕೊಂಡು ಮಲಗೋರು ಯಾರೂ ಇಲ್ಲ ಬಿಡಿ. ಬಸ್ಸು ನಿಲ್ಬೇಕೋ ಬೇಡ್ವೋ?”

ನಿಲ್ಲಬೇಕು. ಅವರು ಕಣ್ಣು ಮುಚ್ಚಿಕೊಂಡು ‘ಹೂಂ’ ಎಂದರು. ಆಮೇಲೆ ಕಸುಬಿನ ಹಳೇ ನಿಯಮ ನೆನಪಾಗಿ ನೆಟ್ಟಗೆ ಕೂತರು. ಒಂದು ಸಲಕ್ಕೆ ಒಂದೇ. ಒಂದನ್ನು ಇಳಿಸುವುದು, ಅವಳು ಅದೇ ರಸ್ತೆಯಲ್ಲಿ ಅದೇ ನಿಲ್ದಾಣದವರೆಗೆ ಓಡಿಸುವುದು, ಬ್ರೇಕ್ ಒತ್ತುವುದು. “ಇದಾ, ಅದಾ?” ನೆರಳು ತೆಗೆದರೆ ಎಷ್ಟೋ ಹಗುರ. ಎಲೆ ಉದುರಿಸಿದರೆ ಇನ್ನಷ್ಟು. ನೀರಿನ ಗುಂಡಿಯಲ್ಲಿ ಆಕಾಶದ ಬಿಂಬ ಕಾಣುವುದು ಬೇಡ. ದೂರದ ಮನೆಗಳು ಹತ್ತಿರ ಬಂದ ಮೇಲೆ ಕಂಡರೆ ಸಾಕು. ಪರದೆಯ ಚಿತ್ರದ ಅಳತೆಯನ್ನೇ ಒಂದು ಮೆಟ್ಟಿಲು ಕೆಳಗಿಳಿಸಿದಾಗ ಬಸ್ಸು ನೀರಿನ ಮೇಲೆ ತೇಲಿದಂತೆ ಸಾಗಿತು. ಆದರೆ ನಿಲ್ದಾಣದ ಬೋರ್ಡಿನ ಅಕ್ಷರ ಹಿಟ್ಟು ಕಲಸಿದಂತಾಯಿತು. “ಅದಾ!” ಎಂದು ಇಬ್ಬರೂ ಒಟ್ಟಿಗೆ ಕೂಗಿ, ಅದೊಂದನ್ನು ಮತ್ತೆ ಮೇಲಕ್ಕೇರಿಸಿ, ಬದಲಿಗೆ ಬಸ್ಸಿನ ಕನ್ನಡಿಗಳ ಸ್ಪಷ್ಟತೆಯನ್ನು ಇಳಿಸಿದರು. ಎರಡು ಕನ್ನಡಿಯೆಂದರೆ ಕಂಪ್ಯೂಟರ್ ಅದೇ ರಸ್ತೆಯನ್ನು ಇನ್ನೂ ಎರಡು ಸಲ ಬರೆಯಬೇಕು. ಅದನ್ನಿಳಿಸಿದ ಮೇಲೆ ಪೆಡಲ್ ಒತ್ತಿದ ಕೂಡಲೇ ಬಸ್ಸು ನಿಂತಿತು. ಕನ್ನಡಕದವರು ಆ ಬೋಳು ಮರಗಳನ್ನು ನೋಡುತ್ತಾ ನಿಟ್ಟುಸಿರು ಬಿಟ್ಟರು. ಅರ್ಧ ದುಃಖದ್ದು, ಅರ್ಧ ನೆಮ್ಮದಿಯದು.

ಬಸ್ಸು ಸಿದ್ಧ, ಡ್ರೈವರ್ ಇಲ್ಲ. ಫೋನಿಗೆ ಬರುವುದಿಲ್ಲ, ಅಂಗಡಿಗೆ ಬರುವುದಿಲ್ಲ. ದಾರಿ ಹೇಳಿದವಳು ಹೆಂಡತಿಯೇ. ಅವಳು ಅತ್ತಿಗೆಗೆ ಫೋನು ಮಾಡಿದಳು: “ಅಣ್ಣನ ದಿಂಬು ಇಲ್ಲೇ ಇದೆ ಅತ್ತಿಗೆ. ಅವರು ಹೇಗೂ ಬರಲ್ವಲ್ಲ, ಬಾಗಿಲ ಹತ್ರ ಕಾಲು ಒರೆಸೋಕೆ ಹಾಕ್ಕೊಳ್ಲಾ?”

ಭಾನುವಾರ ಮಧ್ಯಾಹ್ನ ಭಾವ ದಿಂಬಿಗಾಗಿ ಬಂದರು. ಹಿಂದೆ ಅಕ್ಕ.

“ಕೊಡು. ಕೂರೋಕೆ ಬಂದಿಲ್ಲ ನಾನು.”

“ಒಂದ್ನಿಮಿಷ ಅಣ್ಣಾ, ದಿಂಬು ನನ್ನ ಕೆಳಗಿದೆ. ಈ ಸ್ಟಾಪು ಮುಗಿಸಿ ಏಳ್ತೀನಿ” ಎಂದಳು ಕನ್ನಡಕದವರ ಹೆಂಡತಿ. ಅವಳು ಭಾವನ ರಸ್ತೆಯಲ್ಲಿ ಭಾವನ ಬಸ್ಸನ್ನು ಸ್ಕೂಟರಿನ ಹಾಗೆ ಸಂದಿಯಲ್ಲಿ ತೂರಿಸಿಕೊಂಡು ಹೋಗುತ್ತಿದ್ದಳು. ಬೇಕೆಂದೇ ಮಾಡಿದಳೋ, ಅವಳು ಓಡಿಸುವುದೇ ಹಾಗೋ, ಇವತ್ತಿಗೂ ಗೊತ್ತಿಲ್ಲ. ಭಾವ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿದರು. ನೆಲದ ಮೇಲೆ ಅವರ ಬಲಗಾಲು ತಾನಾಗಿ ಬ್ರೇಕ್ ಒತ್ತತೊಡಗಿತು.

“ಅಯ್ಯೋ, ತಿರುವಲ್ಲಿ ಹಾಗೆ ಎಳೀಬಾರದು ಕಣಮ್ಮ! ಜನ ನಿಂತಿದಾರೆ ಒಳಗೆ!... ಏಳು. ಏಳು ಮೇಲೆ!”

ಕೂತೇಬಿಟ್ಟರು. ಕೂತ ಮೇಲೆ, ತಾವು ಕೂರಬಾರದಿತ್ತೆಂದು ನೆನಪಾಗಿ ಕೈ ಹಿಂದಕ್ಕೆ ಹೋಯಿತು. ಆದರೆ ಬಸ್ಸು ಆಗಲೇ ಚಲಿಸುತ್ತಿತ್ತು. ಚಲಿಸುವ ಬಸ್ಸನ್ನು ಕೈಬಿಡುವುದು ಈ ಜನ್ಮದಲ್ಲಿ ಅವರಿಂದ ಆಗದ ಮಾತು. ಅಕ್ಕ ಸೆರಗಿನ ತುದಿಯನ್ನು ಹಗ್ಗ ಮಾಡಿ ಬೆರಳಿಗೆ ಸುತ್ತಿಕೊಂಡಳು. ರಸ್ತೆ ತುಂಡಾಗಲಿಲ್ಲ. ಹಾಲು ಸುರಿದಂತೆ ಹರಿಯಿತು.

“ಮರಗಳೇನಾದ್ವು?” ಎಂದರು ಭಾವ, ಎದುರಿಂದ ಕಣ್ಣು ತೆಗೆಯದೆ.

“ರಸ್ತೆ ಅಗಲ ಮಾಡಿದಾರೆ ಭಾವ.”

“ಹೂಂ.” ಸ್ವಲ್ಪ ದೂರ ಹೋದ ಮೇಲೆ ದನಿ ಏರಿತು. “ಕನ್ನಡಿ ಯಾಕೋ ಮಂಜು? ಕನ್ನಡಕದ ಅಂಗಡೀಲಿ ಕನ್ನಡಿ ಮಂಜಾ? ಪಕ್ಕದಲ್ಲಿ ನಂಗೆ ಕಣ್ಣಿಲ್ಲ ಅಂತ ಹೇಳಿದೋನು ನೀನೇ ತಾನೇ? ನನ್ನ ಪಕ್ಕದ ಕಣ್ಣೇ ಅದು. ಅದನ್ನ ಮುಟ್ಬಾರದು!”

ಇಷ್ಟು ಸ್ಪಷ್ಟ ನೋಟದ ಕನ್ನಡಕದವರಿಗೆ ಅದು ಹೊಳೆದಿರಲಿಲ್ಲ. ಬಸ್ಸು ನಿಲ್ಲಿಸಿ ಕನ್ನಡಿಗಳನ್ನು ಮೇಲಕ್ಕೇರಿಸಿದರು. ಬಸ್ಸು ಮತ್ತೆ ಸ್ವಲ್ಪ ಮುಗ್ಗರಿಸಿತು. “ಏನಾದ್ರೂ ಬಿಡ್ಬೇಕು ಭಾವ. ನೀವೇ ಹೇಳಿ. ಫುಟ್‌ಪಾತಿನ ಜನ ಕಮ್ಮಿ ಮಾಡ್ಲಾ, ಮೋಡ ತೆಗೀಲಾ? ಇದಾ, ಅದಾ?”

“ಜನ ಇರ್ಲಿ, ಬಸ್ಸಿಗೆ ಹತ್ತೋರು ಯಾರು ಮತ್ತೆ? ಮೋಡ ತೆಗಿ. ಡ್ರೈವರ್ ಆದೋನು ಆಕಾಶ ನೋಡ್ಕೊಂಡು ಗಾಡಿ ಓಡಿಸ್ತಾನಾ? ಹುಲ್ಲೂ ತೆಗಿ. ಆ ಅಂಗಡಿ ದೀಪದ ಮಿಣಮಿಣ ತೆಗಿ... ಹಾಂ. ಈಗ.”

ಈಗ ಸರಿಯಾಗಿತ್ತು. ಭಾವ ಗೇರು ಇಳಿಸಿದರು, ಕನ್ನಡಿ ನೋಡಿದರು, ನಿಲ್ದಾಣದ ಕಡೆಗೆ ಬಸ್ಸನ್ನು ಒರಗಿಸಿ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟರು. ಮುಂದಿನ ಚಕ್ರ ಬಿಳಿ ಗೆರೆಯ ಮೇಲೆ ಬಂದು ಕೂತಿತು. ಬಾಗಿಲು ತೆರೆಯಿತು.

“ಕಂಪ್ಯೂಟರ್ರಾ?” ಎಂದರು ಭಾವ, ಬಹಳ ಸಣ್ಣ ದನಿಯಲ್ಲಿ.

“ಕಂಪ್ಯೂಟರ್ರು ಭಾವ.”

“ನನ್ನದಲ್ಲ?”

“ನಿಮ್ದಲ್ಲ.” ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು, ಆದರೆ ಮಸುಕು ಎಂದರೆ ಆಗದವರ ಬಾಯಿ ಸುಮ್ಮನಿರಲಿಲ್ಲ. “ನಂದು. ನಿಮ್ಗೆ ಚೆನ್ನಾಗಿ ಕಾಣ್ಲಿ ಅಂತ ಎಲೆ, ನೆರಳು ಎಲ್ಲಾ ಮೇಲಕ್ಕೇರಿಸಿದ್ದೆ. ಹಳೇ ಡಬ್ಬಿ, ತಡ್ಕೊಳ್ಳಲಿಲ್ಲ.”

ಭಾವ ನಿಧಾನಕ್ಕೆ ಪೂರ್ತಿ ತಿರುಗಿ ಅವರನ್ನು ನೋಡಿದರು. ಅಕ್ಕ ಕಣ್ಣು ಮುಚ್ಚಿಕೊಂಡಳು.

“ಆವತ್ತು ಬೆರಳು ತೋರಿಸಿ ನನ್ನ ಬಸ್ಸು ಕಿತ್ಕೊಂಡೆ. ಈಗ ಎಲೆ ತೋರಿಸಿ ಕಿತ್ಕೊಳ್ಳೋಕೆ ನೋಡಿದ್ಯಾ?” ಎಂದವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಕೊನೆಗೆ ಬಾಯಿಗೆ ಬಂತು ನಗು. ಅಕ್ಕ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಗು ನಿಂತ ಮೇಲೆ ಭಾವ ತಾವಾಗಿಯೇ ಮುಂದಿನ ಕೋಣೆಗೆ ಹೋಗಿ ಪರೀಕ್ಷೆಯ ಕುರ್ಚಿಯ ಮೇಲೆ ಕೂತರು. “ನೋಡಿಬಿಡು ಒಂದ್ಸಲ. ಇವಳಿಗೆ ಸಮಾಧಾನ ಆಗ್ಲಿ” ಎಂದರು, ಸಮಾಧಾನ ಬೇಕಿದ್ದದ್ದು ಅಕ್ಕನಿಗೆ ಎಂಬಂತೆ. ಕನ್ನಡಕದವರು ನೋಡಿದರು. ಎದುರಿನ ನೋಟ ಮೊದಲಿನಷ್ಟೇ ಇತ್ತು. ಬೆರಳು ಪಕ್ಕದಿಂದ ಮುಂದಕ್ಕೆ ಬಂದು, ಹೋದ ಸಲ ಕಂಡ ಜಾಗದಲ್ಲೇ ಕಂಡಿತು. ಒಂದು ಕೂದಲೆಳೆಯಷ್ಟೂ ಹಿಂದೆ ಸರಿದಿರಲಿಲ್ಲ. ಆಸ್ಪತ್ರೆಯ ಭೇಟಿ ಮಾತ್ರ ತಪ್ಪಿಸಬೇಡಿ ಎಂದರು. ಹನಿ ಔಷಧಿಯ ಶೀಶೆ ಅಕ್ಕನ ಚೀಲದಲ್ಲೇ ಇತ್ತು. ಭಾವ ತಲೆ ಎತ್ತಿ, ಕಣ್ಣು ಅಗಲಿಸಿ, ತಾವೇ ಹಾಕಿಸಿಕೊಂಡರು.

ಆಮೇಲೆ ಹಿಂದಿನ ಕೋಣೆಯಲ್ಲಿ ಬಸ್ಸು ಮತ್ತೆ ಹೊರಟಿತು. ಕನ್ನಡಕದವರು ಡ್ರೈವರಿನ ಹಿಂದೆ ಸ್ಟೂಲು ಹಾಕಿಕೊಂಡು, ಹೆಂಡತಿ ಕಾಸಿಕೊಟ್ಟ ಚಹಾ ಹಿಡಿದು ಕೂತರು. ಬೋಳು ಮರಗಳು, ನೆರಳಿಲ್ಲದ ಮನೆಗಳು, ಮೋಡವಿಲ್ಲದ ಆಕಾಶ ಒಂದೊಂದಾಗಿ ಹಿಂದಕ್ಕೆ ಸರಿದವು. ಮನುಷ್ಯನಿಗೆ ಇಷ್ಟು ಕಂಡರೆ ಸಾಕಲ್ಲ ಎನಿಸಿತು ಅವರಿಗೆ. ಇಂಥ ಯೋಚನೆ ಕಸುಬಿಗೆ ಒಳ್ಳೆಯದಲ್ಲವೆಂದು ಕೂಡಲೇ ಅದನ್ನು ತಳ್ಳಿಹಾಕಿದರು. ಆದರೂ ಕಣ್ಣು ತನ್ನಷ್ಟಕ್ಕೆ ಮುಚ್ಚಿತು.

“ಏಯ್ ಕನ್ನಡಕ,” ಎಂದರು ಭಾವ ಪರದೆಯ ಬಸ್ಸಿನ ಕನ್ನಡಿಯಲ್ಲಿ ನೋಡುತ್ತಾ, ಆ ಕನ್ನಡಿಯಲ್ಲಿ ಇವರು ಕಾಣುವುದಿಲ್ಲ ಎಂಬುದನ್ನು ಮರೆತು, “ನಿದ್ದೆ ಮಾಡ್ಬೇಡ. ನಿನ್ನ ಸ್ಟಾಪು ಬಂದ್ರೆ ನಾನು ಎಬ್ಬಿಸಲ್ಲ.”

ಕನ್ನಡಕದವರಿಗೆ ಆ ಮಧ್ಯಾಹ್ನ ಎಲ್ಲೂ ಇಳಿಯುವುದಿರಲಿಲ್ಲ.